ಬಾತುಕೋಳಿಯ ಅಂಗಾಲಿನ ಹುಣ್ಣು: ಮದ್ದಿನ ಜೊತೆಗೆ ನೆಲವೂ ಬದಲಾಗಬೇಕು

ಕುಂಟುತ್ತಿರುವ ಬಾತುಕೋಳಿಯನ್ನು ಚಿಕಿತ್ಸೆಗೆ ತರುವವರು ಸಾಮಾನ್ಯವಾಗಿ ಕಾಲು ಉಳುಕಿರಬೇಕು ಎಂದುಕೊಂಡಿರುತ್ತಾರೆ. ಆದರೆ ಅಂಗಾಲನ್ನು ತೊಳೆದು ನೋಡಿದಾಗ ಎಷ್ಟೋ ಸಲ ನಡುಭಾಗದಲ್ಲಿ ದುಂಡಗಿನ ಕಪ್ಪು ಹಕ್ಕಳೆಯೂ ಅದರ ಸುತ್ತ ಮುಟ್ಟಿದರೆ ಬಿಸಿಯೆನಿಸುವ ಊತವೂ ಕಾಣುತ್ತವೆ. ಬಂಬಲ್‌ಫೂಟ್ ಎಂದು ಕರೆಯಲಾಗುವ ಈ ಸೋಂಕಿಗೆ ಹೆಚ್ಚಾಗಿ ಕಾರಣವಾಗುವುದು ಸ್ಟೆಫೈಲೋಕಾಕಸ್ ಆರಿಯಸ್ ಎಂಬ ಬ್ಯಾಕ್ಟೀರಿಯಾ. ಅದು ಹಕ್ಕಿಯ ಚರ್ಮದ ಮೇಲೆಯೇ ಇರಬಹುದು. ಒಳಗೆ ಸೇರಲು ಒಂದು ಸಣ್ಣ ಬಿರುಕು ಸಾಕು.

ಆ ಬಿರುಕು ಮೂಡುವುದು ಬಹುಪಾಲು ನೆಲದಿಂದ. ಕೆಸರಿಗೂ ನೀರಿಗೂ ಹೊಂದಿಕೊಂಡ ಮೃದುವಾದ ಪಾದದ ಮೇಲೆ ಮೂರ್ನಾಲ್ಕು ಕಿಲೋ ಭಾರ ಹೊತ್ತ ಪೆಕಿನ್ ಬಾತು ಸಿಮೆಂಟ್ ಅಂಗಳದಲ್ಲೋ ತಾರಸಿಯಲ್ಲೋ ದಿನವಿಡೀ ಓಡಾಡಿದರೆ, ಒಂದೇ ಜಾಗ ಸವೆದು, ಮೊದಲು ಕೆಂಪಾಗಿ, ಆಮೇಲೆ ಗಡುಸಾಗಿ, ಕೊನೆಗೆ ಒಡೆಯುತ್ತದೆ. ಮೆತ್ತಗಿರಲೆಂದು ಎಂ-ಸ್ಯಾಂಡ್ ಹರಡುವವರಿದ್ದಾರೆ. ಅದರ ಕಣಗಳ ಅಂಚು ಚೂಪಾಗಿರುವುದರಿಂದ ನಾನು ಅದನ್ನು ಒಪ್ಪುವುದಿಲ್ಲ. ಮಣ್ಣಿನ ಅಂಗಳ, ಹುಲ್ಲು, ಅದಿಲ್ಲದಿದ್ದರೆ ರಬ್ಬರ್ ಚಾಪೆ ಒಳ್ಳೆಯದು. ರಾತ್ರಿ ಮಲಗುವ ಗೂಡಿಗೆ ದಪ್ಪನಾಗಿ ಒಣ ಹುಲ್ಲು ಹಾಸಿ, ಒದ್ದೆಯಾದದ್ದನ್ನು ಅಂದೇ ತೆಗೆಯಬೇಕು. ಬೂಸ್ಟು ಹಿಡಿದ ಹುಲ್ಲು ಬೇಡ, ಅದು ಬಾತುಗಳ ಶ್ವಾಸಕೋಶಕ್ಕೂ ಅಪಾಯಕಾರಿ. ಈಜುವ ತೊಟ್ಟಿಯ ನೀರನ್ನೂ ಕೊಳಕಾಗಲು ಬಿಡಬಾರದು.

ಉಳಿದ ಅನ್ನ, ಬ್ರೆಡ್ಡನ್ನೇ ತಿಂದು ಬೆಳೆದ ಬಾತಿಗೆ ಬೊಜ್ಜೂ ಬರುತ್ತದೆ, ಚರ್ಮವನ್ನು ಗಟ್ಟಿಯಾಗಿಡುವ ಎ ಜೀವಸತ್ವವೂ ಕೊರತೆಯಾಗುತ್ತದೆ. ಸಮತೋಲನದ ಆಹಾರದೊಂದಿಗೆ ನುಗ್ಗೆ ಸೊಪ್ಪು, ತುರಿದ ಕ್ಯಾರೆಟ್ ಕೊಡಬಹುದು.

ಹುಣ್ಣು ಇನ್ನೂ ಮೇಲ್ಪದರದಲ್ಲಿದ್ದರೆ ಮನೆಯಲ್ಲೇ ಆರೈಕೆ ಸಾಧ್ಯ. ಕೈಗವಸು ತೊಟ್ಟು, ಎಪ್ಸಮ್ ಉಪ್ಪು ಕರಗಿಸಿದ ಉಗುರುಬೆಚ್ಚಗಿನ ನೀರಿನಲ್ಲಿ ಪಾದವನ್ನು 10–15 ನಿಮಿಷ ನೆನೆಸಿ, ತಿಳಿ ಚಹಾದ ಬಣ್ಣ ಬರುವಷ್ಟು ನೀರು ಬೆರೆಸಿದ ಪೊವಿಡೋನ್ ಅಯೋಡಿನ್‌ನಿಂದ ತೊಳೆದು, ಒಣಗಿಸಿ, ಗಾಯಕ್ಕೆ ಅಂಟದ ಗಾಜ್ ಇಟ್ಟು ಬ್ಯಾಂಡೇಜ್ ಸುತ್ತಬೇಕು. ಬೆರಳುಗಳ ನಡುವಿನ ಪೊರೆ ಮಡಚಿಕೊಳ್ಳದಂತೆ, ರಕ್ತಸಂಚಾರ ತಡೆಯುವಷ್ಟು ಬಿಗಿಯಾಗದಂತೆ ನೋಡಿಕೊಳ್ಳಿ, ಒದ್ದೆಯಾದೊಡನೆ ಬದಲಾಯಿಸಿ. ಸ್ಟಿರಾಯ್ಡ್ ಬೆರೆತ ಮುಲಾಮನ್ನು ಹಚ್ಚಬಾರದು, ಮನುಷ್ಯರ ನೋವಿನ ಮಾತ್ರೆಯನ್ನು ಕೊಡಲೇಬಾರದು. ರಣಹದ್ದುಗಳ ಸಾಮೂಹಿಕ ಸಾವಿಗೆ ಕಾರಣವಾಗಿ 2006ರಲ್ಲಿ ನಮ್ಮ ದೇಶದಲ್ಲಿ ಪಶುಚಿಕಿತ್ಸೆಯಿಂದ ನಿಷೇಧಕ್ಕೊಳಗಾದ ಡೈಕ್ಲೋಫೆನಾಕ್ ಈಗಲೂ ಮನೆಮನೆಯ ಔಷಧದ ಡಬ್ಬಿಯಲ್ಲಿದೆ ಎಂಬುದು ನೆನಪಿರಲಿ.

ಹಕ್ಕಳೆಯನ್ನು ಕಿತ್ತು ಹಿಂಡುವ ಪ್ರಯತ್ನ ಮಾತ್ರ ಬೇಡ. ಹಕ್ಕಿಗಳ ಕೀವು ನಮ್ಮದರಂತೆ ನೀರಾಗಿ ಹರಿಯದೆ ಗಟ್ಟಿಯಾಗಿ ಗಡ್ಡೆಕಟ್ಟುತ್ತದೆ. ಹಿಂಡಿದರೆ ಅದು ಹೊರಬರುವುದಿಲ್ಲ, ಸೋಂಕು ಸ್ನಾಯುರಜ್ಜಿನತ್ತ ಇಳಿಯುತ್ತದೆ. ಆ ಗಡ್ಡೆಯೊಳಕ್ಕೆ ಆ್ಯಂಟಿಬಯಾಟಿಕ್ ಕೂಡ ಸರಿಯಾಗಿ ತಲುಪದ ಕಾರಣ, ಮಾತ್ರೆ ನುಂಗಿಸಿದ ಕೆಲವು ದಿನ ಹಕ್ಕಿ ಚೇತರಿಸಿಕೊಂಡಂತೆ ಕಂಡು ಮತ್ತೆ ಕುಂಟತೊಡಗುತ್ತದೆ. ಊತ ಕಾಲ್ಬೆರಳಿಗೋ ಹಿಮ್ಮಡಿಯ ಕೀಲಿಗೋ ಹರಡಿದ್ದರೆ, ಹಕ್ಕಿ ಕಾಲೂರದೆ ಕುಳಿತೇ ಇದ್ದರೆ, ಮೇವು ಬಿಟ್ಟಿದ್ದರೆ ತಡಮಾಡದೆ ಪಶುವೈದ್ಯರಲ್ಲಿಗೆ ಒಯ್ಯಿರಿ. ಮೂಳೆಗೆ ಸೋಂಕು ತಗಲಿದೆಯೇ ಎಂದು ಎಕ್ಸ್‌ರೇಯಲ್ಲಿ ನೋಡಿ, ಅರಿವಳಿಕೆ ಕೊಟ್ಟು ಗಡ್ಡೆಯನ್ನು ತೆಗೆದು, ಅದರ ಮಾದರಿಯನ್ನು ಪ್ರಯೋಗಾಲಯದಲ್ಲಿ ಪರೀಕ್ಷಿಸಿ ಔಷಧ ಆರಿಸುವುದೇ ಸರಿಯಾದ ಕ್ರಮ. ವಾಸಿಯಾಗಲು ವಾರಗಳೇ ಹಿಡಿಯುತ್ತವೆ, ಅಷ್ಟೂ ಕಾಲ ಹಕ್ಕಿ ಒಣ, ಮೆತ್ತನೆಯ ಹಾಸಿನ ಮೇಲಿರಬೇಕು. ಆ್ಯಂಟಿಬಯಾಟಿಕ್ ನಡೆಯುತ್ತಿರುವಾಗಲೂ ಮುಗಿದ ಬಳಿಕ ವೈದ್ಯರು ಹೇಳಿದಷ್ಟು ದಿನವೂ ಅದರ ಮೊಟ್ಟೆಯನ್ನು ತಿನ್ನಬಾರದು.