ಪ್ರಧಾನಿ ಕುರ್ಚಿ ಖಾಲಿಯಾದರೆ ಮುಂದೆ ಯಾರು?

ಪ್ರಧಾನಿ ತೀರಿಕೊಂಡರೆ ಉಪರಾಷ್ಟ್ರಪತಿ ಆ ಜಾಗಕ್ಕೆ ಬರುತ್ತಾರೆ ಅಂತ ಪರೀಕ್ಷೆಯಲ್ಲಿ ಬರೆದು ಅಂಕ ಕಳೆದುಕೊಳ್ಳಬೇಡಿ. ಸ್ಥಾನ ಖಾಲಿಯಾದರೆ ಉಪರಾಷ್ಟ್ರಪತಿ ನೋಡಿಕೊಳ್ಳಬೇಕು ಅನ್ನುವ ಸಂವಿಧಾನದ 65ನೇ ವಿಧಿ ಇರುವುದು ರಾಷ್ಟ್ರಪತಿ ಸ್ಥಾನಕ್ಕೆ ಮಾತ್ರ. 1977ರ ಫೆಬ್ರವರಿಯಲ್ಲಿ ಫಕ್ರುದ್ದೀನ್ ಅಲಿ ಅಹ್ಮದ್ ತೀರಿಕೊಂಡಾಗ ನಮ್ಮ ಬಿ.ಡಿ. ಜತ್ತಿಯವರು ಹಂಗಾಮಿ ರಾಷ್ಟ್ರಪತಿಯಾದದ್ದು ಈ ವಿಧಿಯಂತೆ. ಆಗ ಅವರು ಉಪರಾಷ್ಟ್ರಪತಿ, ಅಷ್ಟೇ ಸಾಕಾಗಿತ್ತು. ಪ್ರಧಾನಿ ವಿಷಯಕ್ಕೆ ಬಂದರೆ ಸಂವಿಧಾನ 'ಮುಂದಿನವರು ಇವರು' ಅಂತ ಯಾರನ್ನೂ ತೋರಿಸುವುದಿಲ್ಲ.

ಯಾಕೆ? 75ನೇ ವಿಧಿ ಓದಿ. ಪ್ರಧಾನಿಯನ್ನು ರಾಷ್ಟ್ರಪತಿ ನೇಮಿಸುತ್ತಾರೆ, ಉಳಿದ ಮಂತ್ರಿಗಳನ್ನು ಪ್ರಧಾನಿಯ ಸಲಹೆಯಂತೆ ನೇಮಿಸುತ್ತಾರೆ, ಇಡೀ ಮಂತ್ರಿಮಂಡಲ ಒಟ್ಟಾಗಿ ಲೋಕಸಭೆಗೆ ಉತ್ತರ ಕೊಡಬೇಕು. ಅಂದರೆ ಕುರ್ಚಿ ಸಿಗುವುದು ಬಹುಮತ ಯಾರ ಹಿಂದೆ ಇದೆ ಅನ್ನುವುದರ ಮೇಲೆ. ಅದನ್ನು ಮೊದಲೇ ಪಟ್ಟಿ ಮಾಡಿಡಲು ಆಗುವುದಿಲ್ಲ ಅಲ್ವಾ? ರಾಜ್ಯಗಳಿಗೆ ಇದೇ ಲೆಕ್ಕ, ವಿಧಿ ಮಾತ್ರ 164.

ಈಗ ಸಾವಿನ ಪ್ರಕರಣ ನೋಡೋಣ. ಪ್ರಧಾನಿ ಹೋದರೆ ಅವರ ಮಂತ್ರಿಮಂಡಲವೂ ಹೋದಂತೆ. ಸರ್ಕಾರವೇ ಇಲ್ಲದೆ ದೇಶ ಒಂದು ದಿನವೂ ಇರುವಂತಿಲ್ಲ, ಹಾಗಾಗಿ ಕೂಡಲೇ ಯಾರಾದರೂ ಪ್ರಮಾಣವಚನ ತೆಗೆದುಕೊಳ್ಳಲೇಬೇಕು. 1964ರ ಮೇ 27ರಂದು ನೆಹರೂ ತೀರಿಕೊಂಡಾಗ ಗೃಹ ಮಂತ್ರಿಯಾಗಿದ್ದ ಗುಲ್ಜಾರಿಲಾಲ್ ನಂದಾ ಅದೇ ದಿನ ಪ್ರಮಾಣವಚನ ತೆಗೆದುಕೊಂಡರು. ಪಕ್ಷ ಶಾಸ್ತ್ರಿಯವರನ್ನು ಆರಿಸಿತು, ಜೂನ್ 9ಕ್ಕೆ ಅವರು ಪ್ರಧಾನಿ. 1966ರ ಜನವರಿ 11ರಂದು ತಾಷ್ಕೆಂಟ್‌ನಲ್ಲಿ ಶಾಸ್ತ್ರಿ ತೀರಿಕೊಂಡರು, ಮತ್ತೆ ನಂದಾ, ಜನವರಿ 24ಕ್ಕೆ ಇಂದಿರಾ ಗಾಂಧಿ. ಎರಡು ಸಲವೂ 13 ದಿನ. ಅತಿ ಹಿರಿಯ ಮಂತ್ರಿಯನ್ನು ಕೂರಿಸಿದ್ದು ರೂಢಿಯಷ್ಟೇ, ನಿಯಮವಲ್ಲ.

ನಿಯಮವಲ್ಲ ಅನ್ನುವುದಕ್ಕೆ 1984 ಸಾಕ್ಷಿ. ಅಕ್ಟೋಬರ್ 31ರ ಬೆಳಿಗ್ಗೆ ಇಂದಿರಾ ಹತ್ಯೆಯಾಯಿತು. ರಾಜೀವ್ ಪಶ್ಚಿಮ ಬಂಗಾಳದಲ್ಲಿದ್ದರು, ರಾಷ್ಟ್ರಪತಿ ಜೈಲ್ ಸಿಂಗ್ ಯೆಮೆನ್ ಪ್ರವಾಸದಲ್ಲಿದ್ದರು. ಇಬ್ಬರೂ ದೆಹಲಿಗೆ ಬಂದರು, ಅವತ್ತೇ ಸಂಜೆ ಪ್ರಧಾನಿಯಾಗಿ ರಾಜೀವ್ ಪ್ರಮಾಣವಚನ ಮುಗಿಯಿತು. ರಾಜೀವ್ ಆಗ ಬರೀ ಸಂಸದ, ಮಂತ್ರಿಯೂ ಆಗಿರಲಿಲ್ಲ. ಹಿರಿಯ ಮಂತ್ರಿಯನ್ನು ಹಂಗಾಮಿಯಾಗಿ ಕೂರಿಸುವ ರೂಢಿಯನ್ನು ಯಾರೂ ಪಾಲಿಸಲಿಲ್ಲ, ಕಾನೂನು ಅಡ್ಡ ಬರಲೂ ಇಲ್ಲ. ಅದು ಸರಿಯಾಗಿತ್ತೇ ಅನ್ನುವುದು ಬೇರೆ ಚರ್ಚೆ, ನನಗಂತೂ ಸ್ವಲ್ಪ ಆತುರವೇ ಆಯಿತು ಅನಿಸುತ್ತದೆ.

ರಾಜೀನಾಮೆ ಕೊಟ್ಟಾಗ ಇಷ್ಟು ಗಡಿಬಿಡಿ ಇಲ್ಲ. ರಾಜೀನಾಮೆ ಅಂಗೀಕಾರವಾದರೆ ಇಲ್ಲೂ ಮಂತ್ರಿಮಂಡಲ ಹೋಗುತ್ತದೆ, ಆದರೆ ಬೇರೆ ವ್ಯವಸ್ಥೆ ಆಗುವವರೆಗೆ ಮುಂದುವರಿಯಿರಿ ಅಂತ ಹಳಬರಿಗೇ ಹೇಳುತ್ತಾರೆ. ನಮ್ಮಲ್ಲೇ ನೋಡಿ, 2021ರ ಜುಲೈ 26ರಂದು ಯಡಿಯೂರಪ್ಪ ರಾಜೀನಾಮೆ ಕೊಟ್ಟರು, 28ಕ್ಕೆ ಬಸವರಾಜ ಬೊಮ್ಮಾಯಿ ಒಬ್ಬರೇ ಪ್ರಮಾಣವಚನ ತೆಗೆದುಕೊಂಡರು. ಪಕ್ಷ ಅದೇ, ಬಹುಮತವೂ ಅದೇ, ಆದರೂ ಹಳೇ ಮಂತ್ರಿಗಳೆಲ್ಲ ಬರೀ ಶಾಸಕರಾಗಿಬಿಟ್ಟರು. ಆಗಸ್ಟ್ 4ಕ್ಕೆ 29 ಜನ ಮಂತ್ರಿಗಳಾದರು, ಅಲ್ಲಿಯವರೆಗೆ ಇಡೀ ಸರ್ಕಾರ ಅಂದರೆ ಒಬ್ಬ ಮುಖ್ಯಮಂತ್ರಿ. ರಾಜ್ಯದಲ್ಲಿ ಮಂತ್ರಿಗಳ ಸಂಖ್ಯೆ 12ಕ್ಕಿಂತ ಕಡಿಮೆ ಇರಬಾರದು ಅಂತ 164ನೇ ವಿಧಿಯಲ್ಲೇ ಇದೆ, ಆದರೂ ಹೀಗೆ ನಡೆಯುತ್ತದೆ.

ಹಾಗಾದರೆ ಉಪಮುಖ್ಯಮಂತ್ರಿ ಯಾಕಿದ್ದಾರೆ ಅಂತ ಕೇಳಬಹುದು. ಆ ಹುದ್ದೆ ಸಂವಿಧಾನದಲ್ಲೇ ಇಲ್ಲ, ಕೇಂದ್ರದ ಉಪಪ್ರಧಾನಿ ಹುದ್ದೆಯೂ ಇಲ್ಲ. 1989ರಲ್ಲಿ ದೇವಿಲಾಲ್ ಪ್ರಮಾಣವಚನ ಓದುವಾಗ 'ಮಂತ್ರಿ' ಅನ್ನುವ ಕಡೆ 'ಉಪಪ್ರಧಾನಿ' ಅಂದರು, ರಾಷ್ಟ್ರಪತಿ ವೆಂಕಟರಾಮನ್ ತಿದ್ದಿದರು. ವಿಷಯ ಸುಪ್ರೀಂ ಕೋರ್ಟ್‌ಗೂ ಹೋಯಿತು. 'ಉಪಪ್ರಧಾನಿ' ಅನ್ನುವುದು ಸುಮ್ನೆ ಕರೆಯುವ ಹೆಸರು, ಪ್ರಧಾನಿಯ ಅಧಿಕಾರ ಏನೂ ಬರುವುದಿಲ್ಲ, ಉಳಿದವರಂತೆ ಅವರೂ ಒಬ್ಬ ಮಂತ್ರಿ ಅಂತ ತೀರ್ಮಾನವಾಯಿತು.

ಸದನದಲ್ಲಿ ಸೋತು ಹೋಗುವುದು ಇನ್ನೊಂದು ದಾರಿ. 1997ರ ಏಪ್ರಿಲ್ 11ರಂದು ದೇವೇಗೌಡರು ವಿಶ್ವಾಸಮತ ಸೋತರು. ಆದರೆ ಹತ್ತು ದಿನದಲ್ಲಿ ಅದೇ ಸಂಯುಕ್ತ ರಂಗದ ಗುಜ್ರಾಲ್ ಪ್ರಧಾನಿಯಾದರು, ಬೆಂಬಲ ಕೊಟ್ಟಿದ್ದು ಗೌಡರಿಂದ ಹಿಂದೆ ತೆಗೆದುಕೊಂಡಿದ್ದ ಅದೇ ಕಾಂಗ್ರೆಸ್! ಚುನಾವಣೆ ಬೇಕಾಗಲಿಲ್ಲ.

ಕೊನೆಗೆ ಆರು ತಿಂಗಳ ಗಡುವು, ಅಂದರೆ ಸದನದ ಸದಸ್ಯರಲ್ಲದವರು ಮಂತ್ರಿಯಾದರೆ ಆರು ತಿಂಗಳೊಳಗೆ ಆರಿಸಿ ಬರಬೇಕು. ಸಂಸದರಲ್ಲದವರೂ ಪ್ರಧಾನಿಯಾಗಬಹುದು, 1996ರ ಜೂನ್ 1ರಂದು ದೇವೇಗೌಡರು ಆದದ್ದು ಹಾಗೆಯೇ, ಆಮೇಲೆ ರಾಜ್ಯಸಭೆಗೆ ಆರಿಸಿ ಬಂದರು. ಆದರೆ ನಾಯಕ ಬದಲಾದರೆ ಈ ಗಡುವು ಹೊಸದಾಗಿ ಶುರುವಾಗುತ್ತದೆಯೇ? ಪಂಜಾಬ್‌ನಲ್ಲಿ ಶಾಸಕರಲ್ಲದ ಮಂತ್ರಿಯೊಬ್ಬರು ಆರು ತಿಂಗಳಲ್ಲಿ ಗೆದ್ದು ಬರದೆ ರಾಜೀನಾಮೆ ಕೊಟ್ಟಿದ್ದರು, ಮುಖ್ಯಮಂತ್ರಿ ಬದಲಾದ ಮೇಲೆ ಅವರನ್ನೇ ಮತ್ತೆ ಮಂತ್ರಿ ಮಾಡಿದರು. ಅದೇ ವಿಧಾನಸಭೆಯ ಅವಧಿಯಲ್ಲಿ ಗೆಲ್ಲದೆ ಎರಡನೇ ಸಲ ಮಂತ್ರಿಯಾಗುವಂತಿಲ್ಲ, ಮುಖ್ಯಮಂತ್ರಿ ಬದಲಾದರೂ ಅಷ್ಟೇ ಅಂತ 2001ರಲ್ಲಿ ಎಸ್.ಆರ್. ಚೌಧುರಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿತು.