ಸುರಂಗ ಕುಡಿದ ನೀರು

ಬುಲೆಟ್ ರೈಲು ಅಂದ ಕೂಡಲೇ ರೈತರ ಬಗ್ಗೆ ಕೇಳುವುದು ಒಂದೇ ಮಾತು: ಎಷ್ಟು ಎಕರೆ ಹೋಯ್ತು, ಎಕರೆಗೆ ಎಷ್ಟು ಕೊಟ್ಟರು? ಮುಂಬೈ–ಅಹಮದಾಬಾದ್ ನಡುವಿನ 508 ಕಿಲೋಮೀಟರ್ ಮಾರ್ಗದ ಜಗಳವೂ ಬಹುಮಟ್ಟಿಗೆ ಇದರ ಸುತ್ತಲೇ ನಡೆಯಿತು. ಪಾಲ್ಘರ್‌ನ ಸಪೋಟ ತೋಟದವರು, ದಕ್ಷಿಣ ಗುಜರಾತಿನ ಮಾವು ಬೆಳೆಗಾರರು ಹೋರಾಡಿದ್ದು ಸರಿಯಾಗೇ ಇತ್ತು. ಆದರೆ ಜಮೀನು ಹೋಗದವನಿಗೆ ನಷ್ಟವೇ ಇಲ್ಲ ಅಂದುಕೊಳ್ಳುವುದು ದೊಡ್ಡ ತಪ್ಪು. ರೈಲು ಬೆಟ್ಟದೊಳಗೆ ಸುರಂಗದಲ್ಲಿ ಹೋದರಂತೂ ಮೇಲಿನ ಹೊಲಕ್ಕೆ ಏನೂ ಆಗದು ಅಂತ ಬಹಳ ಜನ ನಂಬಿದ್ದಾರೆ.

ಜಪಾನಿನ ತನ್ನಾ ಬಯಲಿನ ಕಥೆ ಬೇರೆಯೇ ಹೇಳುತ್ತದೆ. ಅಲ್ಲಿ ಮಾಮೂಲಿ ರೈಲಿಗಾಗಿ 1918ರಲ್ಲಿ ಸುರಂಗ ಅಗೆಯಲು ಶುರು ಮಾಡಿದರು. ಉದ್ದ 8 ಕಿಲೋಮೀಟರಿಗೂ ಕಡಿಮೆ. 7 ವರ್ಷದ ಕೆಲಸ ಅಂದುಕೊಂಡಿದ್ದು 16 ವರ್ಷ ಹಿಡಿಯಿತು, 67 ಕೆಲಸಗಾರರು ಸತ್ತರು. ಒಳಗೆ ನುಗ್ಗುವ ನೀರನ್ನು ಹೊರಹಾಕಲೆಂದೇ ಕೊರೆದ ಪಕ್ಕದ ಸುರಂಗಗಳ ಉದ್ದ ಮುಖ್ಯ ಸುರಂಗವನ್ನೂ ಮೀರಿತು. ಸಾಲದ್ದಕ್ಕೆ 1930ರ ಭೂಕಂಪದಲ್ಲಿ ಬಂಡೆಯ ಬಿರುಕು ಎರಡು ಮೀಟರಿಗೂ ಜಾಸ್ತಿ ಜರುಗಿ, ಅರ್ಧ ಅಗೆದ ಸುರಂಗವೂ ಅದರ ಜೊತೆ ಜರುಗಿತು!

ಮೇಲಿನ ಬಯಲಿನಲ್ಲಿ ಬುಗ್ಗೆ ನೀರಿನಿಂದ ಭತ್ತ, ವಸಾಬಿ (ಊಟದ ಜೊತೆ ನಂಚಿಕೊಳ್ಳುವ ಖಾರದ ಗಡ್ಡೆ) ಬೆಳೆಯುತ್ತಿದ್ದರು. ವಸಾಬಿಗೆ ತಣ್ಣನೆಯ, ಹರಿಯುವ ನೀರು ಬೇಕೇ ಬೇಕು. ಬುಗ್ಗೆಗಳು ಬತ್ತಿದವು, ವಸಾಬಿ ಹೋಯಿತು. ಇವತ್ತು ತನ್ನಾ ಹೆಸರಾಗಿರುವುದು ಹಾಲಿಗೆ. 1964ರಲ್ಲಿ ಓಡಿದ ಮೊದಲ ಶಿಂಕಾನ್ಸೆನ್, ಅಂದರೆ ಜಪಾನಿನ ಬುಲೆಟ್ ರೈಲಿನ ಸುರಂಗ ಈ ಹಳೆಯ ಸುರಂಗದ ಪಕ್ಕದಲ್ಲೇ ಇದೆ.

ಮಳೆ ಮೊದಲಿನ ಹಾಗೇ ಬೀಳುತ್ತದಲ್ಲ, ನೀರು ಹೇಗೆ ಬತ್ತಿತು? ಬಂಡೆಯ ಬಿರುಕುಗಳಲ್ಲಿ ನೀರು ಒತ್ತಡದಲ್ಲಿ ತುಂಬಿಕೊಂಡಿರುತ್ತದೆ. ಸುರಂಗದೊಳಗೆ ಇರುವುದು ಬರೀ ಗಾಳಿಯ ಒತ್ತಡ. ಹಾಗಾಗಿ ಸುತ್ತಲಿನ ನೀರೆಲ್ಲ ಅತ್ತ ಹರಿಯುತ್ತದೆ. ಪಕ್ಕದವರು ಆಳಕ್ಕೆ ಬೋರ್ ಕೊರೆಸಿದರೆ ನಮ್ಮ ಬಾವಿ ಬತ್ತುತ್ತದಲ್ವಾ, ಹಾಗೆ. ಆದರೆ ಈ ಬೋರ್ ಕಿಲೋಮೀಟರುಗಟ್ಟಲೆ ಅಡ್ಡಡ್ಡ ಮಲಗಿದೆ. ಕರೆಂಟು ಬೇಡ, ಹಗಲು ರಾತ್ರಿ ನಿಲ್ಲುವುದಿಲ್ಲ. ನೆಲದೊಳಗಿನ ನೀರಿನ ಮಟ್ಟ ನೆಲವನ್ನು ಮುಟ್ಟುವ ಕಡೆ ಬುಗ್ಗೆ ಏಳುತ್ತದೆ. ಮಟ್ಟ ಎರಡು ಮೀಟರ್ ಇಳಿದರೂ ಸಾಕು, ಬುಗ್ಗೆ ಸತ್ತಂತೆ.

ಹಾಗಾದರೆ ನೀರು ಒಂದು ಹನಿಯೂ ಸೋರದಂತೆ ಕಾಂಕ್ರೀಟ್ ಹಾಕಬಾರದೇ? 100 ಮೀಟರ್ ನೀರಿನ ಒತ್ತಡ ಅಂದರೆ ಪ್ರತಿ ಚದರ ಮೀಟರಿಗೆ 100 ಟನ್ ಭಾರ. ಅದನ್ನು ತಡೆಯುವ ಗೋಡೆ ಬಹಳ ದುಬಾರಿ. ಅದಕ್ಕೇ ಆಳದ ಸುರಂಗಗಳಲ್ಲಿ ನೀರು ಹೋಗಲು ಸಾಮಾನ್ಯವಾಗಿ ಚರಂಡಿ ಬಿಟ್ಟಿರುತ್ತಾರೆ. ಅಗೆಯುವ ಮೊದಲೇ ಬಿರುಕಿಗೆ ಸಿಮೆಂಟ್ ತುಂಬಿದರೆ ಸೋರಿಕೆ ಕಡಿಮೆಯಾಗುತ್ತದೆ, ಪೂರ್ತಿ ನಿಲ್ಲುವುದಿಲ್ಲ.

ಟೋಕಿಯೋ–ನಗೋಯಾ ನಡುವೆ ಈಗ ಕಟ್ಟುತ್ತಿರುವ ಮ್ಯಾಗ್ಲೆವ್ (ಅಯಸ್ಕಾಂತದ ಬಲದಿಂದ ಹಳಿ ಮುಟ್ಟದೆ ತೇಲಿ ಓಡುವ ರೈಲು) ಮಾರ್ಗದ ಶೇ. 86ರಷ್ಟು ಸುರಂಗವೇ. ಶಿಜುಒಕಾ ಪ್ರಾಂತ್ಯದಲ್ಲಿ ಓಯಿ ನದಿಯ ನೀರು ಸೆಕೆಂಡಿಗೆ 2 ಟನ್‌ನಷ್ಟು ಇಳಿಯಬಹುದು ಅಂತ ರೈಲು ಕಂಪನಿಯೇ 2013ರಲ್ಲಿ ಹೇಳಿತು. ಆ ನೀರನ್ನು ನಂಬಿದ ಕೆಳಗಿನ ಊರುಗಳು, ಚಹಾ ತೋಟಗಳು ಸುಮ್ನಿರಲಿಲ್ಲ. ಅಲ್ಲಿನ ಗವರ್ನರ್ ವರ್ಷಗಟ್ಟಲೆ ಕೆಲಸಕ್ಕೆ ಒಪ್ಪಿಗೆ ಕೊಡಲಿಲ್ಲ. 2027ರ ಗಡುವು ತಪ್ಪಿತು. ಇದನ್ನು ಹಟ ಅಂತ ಬೈದವರು ತುಂಬಾ ಜನ. ನನಗೆ ಹಾಗನಿಸುವುದಿಲ್ಲ. 2024ರಲ್ಲಿ ಇದೇ ಮಾರ್ಗದ ಗಿಫು ಪ್ರಾಂತ್ಯದ ಮಿಜುನಾಮಿಯಲ್ಲಿ ಬಾವಿಗಳ ನೀರು ಇಳಿದು, ಅಲ್ಲಿನ ಅಗೆತ ನಿಲ್ಲಿಸಬೇಕಾಯಿತು.

ನೀರು ಇಳಿದಿದ್ದು ಗೊತ್ತಾಗಬೇಕಾದರೆ ಮೊದಲು ಎಷ್ಟಿತ್ತು ಅನ್ನುವ ಲೆಕ್ಕ ಬೇಕು. ಅದಿಲ್ಲದಿದ್ದರೆ ಬರಗಾಲದಿಂದ ಇಳಿಯಿತು ಅಂದುಬಿಡುವುದು ಸುಲಭ. ಚೆನ್ನೈ–ಬೆಂಗಳೂರು–ಮೈಸೂರು ಹೈಸ್ಪೀಡ್ ಮಾರ್ಗದ ಪ್ರಸ್ತಾವ ನಮ್ಮಲ್ಲೂ ಇದೆ. ಎಲ್ಲಿ ಸುರಂಗ ಬಂದರೂ ಕೆಲಸ ಶುರುವಾಗುವ ಎರಡು ಮೂರು ವರ್ಷ ಮೊದಲೇ ಸುತ್ತಲಿನ ಬಾವಿ, ಬೋರ್, ಬುಗ್ಗೆಗಳ ಮಟ್ಟವನ್ನು ತಿಂಗಳಿಗೊಮ್ಮೆ ಅಳೆದು ಬರೆದಿಡಬೇಕು. ಬೇಸಿಗೆಯಲ್ಲೂ ಬಿಡಬಾರದು. ಖರ್ಚು ರೈಲಿನವರದ್ದು, ಲೆಕ್ಕದ ಒಂದು ಪ್ರತಿ ಮಾತ್ರ ಪಂಚಾಯ್ತಿಯಲ್ಲಿ, ರೈತರ ಕೈಗೆ ಸಿಗುವ ಹಾಗೆ ಇರಬೇಕು.