ಎದ್ದು ನಿಂತೊಡನೆ ಇಂಗ್ಲಿಷ್ ಎಲ್ಲಿ ಹೋಗುತ್ತದೆ?

ಪ್ರಶ್ನೆ: ಹತ್ತನೇ ತರಗತಿವರೆಗೆ ಕನ್ನಡ ಮಾಧ್ಯಮದಲ್ಲಿ ಓದಿ ಈಗ ಪಿಯುಸಿ ವಿಜ್ಞಾನಕ್ಕೆ ಸೇರಿದ್ದೇನೆ. ಪುಸ್ತಕ ಓದಿದರೆ ಅರ್ಥವಾಗುತ್ತದೆ. ಉಪನ್ಯಾಸಕರು ಎಬ್ಬಿಸಿ ಕೇಳಿದರೆ ಮಾತ್ರ ಬಾಯಿ ಕಟ್ಟಿಹೋಗುತ್ತದೆ. ವ್ಯಾಕರಣವನ್ನು ಮೊದಲಿನಿಂದ ಕಲಿಯಬೇಕೇ?

ಉತ್ತರ: ಬೇಡ. ಬಸ್ ನಿಲ್ದಾಣದಲ್ಲಿ ಮಾರುವ ‘ಮೂವತ್ತು ದಿನಗಳಲ್ಲಿ ಇಂಗ್ಲಿಷ್’ ಪುಸ್ತಕವೂ ಬೇಡ. ಓದಿದ್ದು ಅರ್ಥವಾಗುತ್ತದೆ ಎಂದ ಮೇಲೆ ಅಡ್ಡ ನಿಂತಿರುವುದು ಹೆಚ್ಚಾಗಿ ಅಂಜಿಕೆಯೇ. 1986ರಲ್ಲಿ ಅಮೆರಿಕದ ಭಾಷಾ ಕಲಿಕೆಯ ಸಂಶೋಧಕಿ ಇಲೇನ್ ಹಾರ್ವಿಟ್ಸ್ ಮತ್ತು ಸಂಗಡಿಗರು ಪರಭಾಷೆಯ ತರಗತಿಗೇ ಅಂಟಿಕೊಂಡ ಈ ಆತಂಕವನ್ನು ಬೇರೆಯಾಗಿ ಗುರುತಿಸಿ, ಅದನ್ನು ಅಳೆಯಲು 33 ಹೇಳಿಕೆಗಳ ಮಾಪಕ ರೂಪಿಸಿದರು. ಅವರು ಪರೀಕ್ಷಿಸಿದ್ದು ಟೆಕ್ಸಸ್‌ನಲ್ಲಿ ಸ್ಪ್ಯಾನಿಷ್ ಕಲಿಯುತ್ತಿದ್ದ ವಿದ್ಯಾರ್ಥಿಗಳನ್ನು. ಇಂಗ್ಲಿಷ್ ನಾಡಿನವರಿಗೂ ಇನ್ನೊಂದು ಭಾಷೆಯ ಮುಂದೆ ಗಂಟಲು ಒಣಗುತ್ತದೆ ಎಂದಾಯಿತು!

ಓಮ್‌ನ ನಿಯಮ ಕೇಳಿದರು ಎನ್ನಿ. ‘ತಾಪ ಸ್ಥಿರವಾಗಿದ್ದಾಗ ವಿದ್ಯುತ್ ಪ್ರವಾಹವು ವಿಭವಾಂತರಕ್ಕೆ ನೇರ ಅನುಪಾತದಲ್ಲಿರುತ್ತದೆ’ ಎಂಬುದು ನಿಮಗೆ ಬಾಯಿಪಾಠ. ಅದನ್ನು ಇಂಗ್ಲಿಷಿಗೆ ತಿರುಗಿಸುತ್ತಿರುವಾಗಲೇ ಕ್ರಿಯಾಪದ ಸರಿಯೇ, ಉಚ್ಚಾರ ಸರಿಯೇ, ಹಿಂದಿನ ಬೆಂಚಿನವರು ನಕ್ಕರೇ ಎಂದು ಮನಸ್ಸು ಕಾವಲು ಕಾಯುತ್ತದೆ. ಒಮ್ಮೆಗೆ ಹಿಡಿದಿಟ್ಟುಕೊಳ್ಳಬಲ್ಲ ನೆನಪಿನ ಜಾಗವೇ ಸಣ್ಣದು; ಅರ್ಧವನ್ನು ಈ ಕಾವಲೇ ನುಂಗಿದರೆ ನಿಯಮಕ್ಕೆ ಉಳಿಯುವುದೇನು? ಅಷ್ಟರಲ್ಲಿ ‘ನೆಕ್ಸ್ಟ್’ ಎಂದಾಗಿರುತ್ತದೆ.

ಆದ್ದರಿಂದ ಎದ್ದು ನಿಂತಾಗ ಮಾಡಬೇಕಾದ ಕೆಲಸವನ್ನೇ ಕಡಿಮೆ ಮಾಡಿಕೊಳ್ಳಿ. ನಾಳೆಯ ಪಾಠದ ಎರಡು ವ್ಯಾಖ್ಯೆಗಳನ್ನು ಇಂದೇ ಗಟ್ಟಿಯಾಗಿ, ನಿಂತುಕೊಂಡು ಹೇಳಿ. ತುಟಿ ಅಲ್ಲಾಡಿಸಿದರೆ ಸಾಲದು, ನಿಮ್ಮ ದನಿ ನಿಮ್ಮ ಕಿವಿಗೆ ಬೀಳಬೇಕು. ‘ಡೈರೆಕ್ಟ್‌ಲಿ ಪ್ರಪೋರ್ಷನಲ್ ಟು’ ಎಂಬಂಥವನ್ನು ಪದ ಬಿಡಿಸದೆ ಇಡಿಯಾಗಿ ನಾಲಿಗೆಗೆ ಹತ್ತಿಸಿಕೊಳ್ಳಿ. ಆಮೇಲೆ ಪಕ್ಕದ ಗೆಳೆಯನಿಗೆ ಒಪ್ಪಿಸಿ. ‘ಇನ್ನೊಮ್ಮೆ ಹೇಳುತ್ತೀರಾ ಸರ್’ ಎಂಬುದಕ್ಕೂ ಒಂದು ಇಂಗ್ಲಿಷ್ ವಾಕ್ಯ ಸಿದ್ಧವಿರಲಿ, ಯೋಚಿಸಲು ನಾಲ್ಕು ಕ್ಷಣ ಸಿಗುತ್ತದೆ. ಗೊತ್ತಿರುವ ಪ್ರಶ್ನೆಗೆ ನೀವೇ ಮೊದಲು ಕೈ ಎತ್ತಿ. ಸರದಿ ಕಾಯುತ್ತ ಕೂತಷ್ಟೂ ಎದೆಬಡಿತ ಏರುತ್ತದೆ. ನಡುವೆ ಮಾತು ತಡೆದರೆ ಉಳಿದದ್ದನ್ನು ಕನ್ನಡದಲ್ಲಿ ಮುಗಿಸಲು ಅನುಮತಿ ಕೇಳಿ. ನಿಮ್ಮ ಹಾಗೆಯೇ ಕನ್ನಡ ಮಾಧ್ಯಮದಿಂದ ಬಂದ ಉಪನ್ಯಾಸಕರು ಕಡಿಮೆಯೇನಿಲ್ಲ.

ನಿದ್ದೆ ಕೆಟ್ಟು, ಕಾಲೇಜು ತಪ್ಪಿಸುವಷ್ಟು ಭಯವಿದ್ದರೆ ಮಾತ್ರ ಇಷ್ಟು ಸಾಲದು. ಮನೆಯವರಿಗೆ ಹೇಳಿ. ಸರ್ಕಾರದ ಉಚಿತ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೂ ಕರೆ ಮಾಡಬಹುದು. ಅಲ್ಲಿ ಕನ್ನಡದಲ್ಲೇ ಮಾತನಾಡಬಹುದು.